ತೆಳು ತಗಡಿನ ಬೆಸುಗೆ

ಒಡೆಯುವುದಕ್ಕೆ ಗುರುವಿನ ಅವಶ್ಯಕತೆಯಿಲ್ಲ, ಕೂಡಿಸುವುದಕ್ಕೆ ಉಂಟು. ಹರಿದ ಬಟ್ಟೆಯನ್ನು ಹೊಲಿಯಬೇಕಾದರೆ ದರ್ಜಿಯೂ, ಮುರಿದ ಮೂಳೆಯನ್ನು ಸೇರಿಸಬೇಕಾದರೆ ವೈದ್ಯನೂ, ಮುನಿದ ಅಣ್ಣತಮ್ಮಂದಿರನ್ನು ಒಂದು ಪಂಕ್ತಿಯಲ್ಲಿ ಕುಳ್ಳಿರಿಸಬೇಕಾದರೆ ಮನೆಯ ಹಿರಿಯರೂ ಬೇಕಾಗುತ್ತಾರೆ. ನಾವು ಮೂವತ್ತಾರು ವರ್ಷಗಳ ಕಾಲ ಹುಡುಗರಿಗೆ ಸಂಧಿಪ್ರಕರಣವನ್ನು ಪಾಠ ಹೇಳಿ ಈಗ ವಿಶ್ರಾಂತಿಯಲ್ಲಿರುವವರು. ಅಕ್ಷರಕ್ಕೆ ಅಕ್ಷರ ಸೇರುವಾಗ ಯಾವುದು ಲೋಪವಾಗುತ್ತದೆ, ಯಾವುದು ಹೊಸದಾಗಿ ಬಂದು ನಡುವೆ ನಿಲ್ಲುತ್ತದೆ, ಯಾವುದು ತನ್ನ ರೂಪವನ್ನೇ ಬಿಟ್ಟು ಬೇರೊಂದಾಗುತ್ತದೆ ಎಂಬುದನ್ನು ಕರಿಯ ಹಲಗೆಯ ಮೇಲೆ ಸಾವಿರಾರು ಸಲ ಬರೆದು ಅಳಿಸಿದ್ದೇವೆ. ಆದರೆ ಕಬ್ಬಿಣಕ್ಕೆ ಕಬ್ಬಿಣ ಸೇರುವ ಸಂಧಿಯನ್ನು ನಾವು ಕಣ್ಣಾರೆ ಕಂಡದ್ದು ಅರುವತ್ತನೆಯ ವಯಸ್ಸು ಕಳೆದ ಮೇಲೆ; ಅದೂ ಮೈಸೂರಿನ ಚಾಮರಾಜಪುರಂ ಬಡಾವಣೆಯ ನಮ್ಮ ಮನೆಯ ಹಿತ್ತಿಲಿನಲ್ಲಿ.

ಮೇಷ್ಟ್ರು ಕಾವ್ಯವನ್ನು ಬಿಟ್ಟು ಕಮ್ಮಾರಿಕೆಗೆ ಇಳಿದರಲ್ಲ ಎಂದು ವಾಚಕರು ನಕ್ಕರೆ ನಕ್ಕಾರು. ಆದರೂ ಈ ಸಂಗತಿಯಲ್ಲಿ ಗೃಹಸ್ಥರಾದವರು ತಿಳಿದಿರಬೇಕಾದ ವಿಷಯಗಳು ಕೆಲವು ಇರುವುವಾದ್ದರಿಂದ ಬರೆಯಲು ಮನಸ್ಸುಮಾಡಿದ್ದೇವೆ.

ನಮ್ಮ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಉಂಟು. ತೀರ್ಥರೂಪರು 1985ನೆಯ ಇಸವಿಯಲ್ಲಿ ಕೊಂಡದ್ದು. ಈಗಿನ ಮಕ್ಕಳು ಇದನ್ನು ಹಳೆಯ ಸಿನೆಮಾಗಳಲ್ಲಿ ಮಾತ್ರ ನೋಡಿರಬಹುದು. ಇಟಲಿ ದೇಶದ ಫಿಯಟ್ 1100 ಎಂಬ ಕಾರಿನ ನಮೂನೆಯನ್ನು ಅನುಸರಿಸಿ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯವರು ಇದನ್ನು 1964ರಿಂದ 2001ರ ವರೆಗೆ ತಯಾರಿಸಿದರು. ಮೊದಲು ಫಿಯಟ್ ಎಂದೇ ಹೆಸರು. ಪದ್ಮಿನಿ ಎಂಬುದು ಅನಂತರ ಬಂದ ನಾಮಧೇಯ. ಮುಂಬಯಿಯ ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಗಳಾಗಿ ದಶಕಗಳ ಕಾಲ ದುಡಿದ ಈ ಕಾರುಗಳು ಅಲ್ಲಿಯ ಬೀದಿಗಳಿಂದ ನಿವೃತ್ತಿ ಹೊಂದಿದ್ದು 2023ರಲ್ಲಿ. ಹೆಚ್ಚು ಕಡಮೆ ನಾವು ನಿವೃತ್ತರಾದ ಕಾಲದಲ್ಲಿಯೇ.

ಈ ಕಾರಿಗೂ ನಮ್ಮ ಮೈಸೂರಿಗೂ ಒಂದು ಹಳೆಯ ಋಣವುಂಟು. 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರ ಜೊತೆಗೂಡಿದರು. ಕಾರ್ಖಾನೆಗೆ ನೆರವಾಗಲು ಮೈಸೂರು ಸಂಸ್ಥಾನವೂ ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರದವರು ಒಪ್ಪದೆ ಹೋದುದರಿಂದ ಅದು ಇಲ್ಲಿ ನೆಲೆಗೊಳ್ಳಲಿಲ್ಲ. ವಾಲ್‌ಚಂದರು 1944ರಲ್ಲಿ ಸ್ಥಾಪಿಸಿದ ಕಂಪೆನಿಯೇ ಮುಂದೆ ಪದ್ಮಿನಿಯನ್ನು ತಯಾರಿಸಿದ ಪ್ರೀಮಿಯರ್ ಕಂಪೆನಿ. ಆದುದರಿಂದ ಈ ಕಾರನ್ನು ನಮ್ಮ ತಂದೆಯವರು ‘ತೌರಿಗೆ ಬರಬೇಕಾಗಿದ್ದು ದಾರಿ ತಪ್ಪಿದ ಹೆಣ್ಣುಮಗಳು’ ಎಂದು ಕರೆಯುತ್ತಿದ್ದರು.

ಇಷ್ಟು ಪೀಠಿಕೆ ಸಾಕು. ಈಗ ವಿಷಯಕ್ಕೆ ಬರೋಣ.

ಖಾಸಗಿ ಕಾರಿನ ನೋಂದಣಿಯು ಮೊದಲು ಹದಿನೈದು ವರ್ಷಗಳಿಗೂ, ಆ ಬಳಿಕ ಸಾರಿಗೆ ಕಚೇರಿಯವರು ಗಾಡಿಯನ್ನು ಪರೀಕ್ಷಿಸಿ ಒಪ್ಪಿದರೆ ಐದೈದು ವರ್ಷಗಳಿಗೂ ಸಲ್ಲುತ್ತದೆ. ನಮ್ಮ ಕಾರಿಗೆ 2025ರಲ್ಲಿ ಅವಧಿ ಮುಗಿಯುವುದಿತ್ತು. ಅದಕ್ಕೆ ಮೊದಲು ಒಂದು ಭಾನುವಾರ ನಮ್ಮ ಎರಡನೆಯ ಮಗನು ಗಾಡಿಯನ್ನು ತೊಳೆಯುತ್ತಿದ್ದಾಗ ಹಿಂದಿನ ಆಸನದ ಮುಂದುಗಡೆ, ಕಾಲಿಡುವ ಜಾಗದಲ್ಲಿ, ರಬ್ಬರ್ ಹಾಸನ್ನು ಎತ್ತಿ ಬೆರಳಿನಿಂದ ಒತ್ತಿದನು. ಬೆರಳು ಕೆಳಗೆ ಇಳಿಯಿತು. ಅವನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಕೆಲಸ ಮಾಡುವವನು. ಲೋಹದ ಮಾತನ್ನು ಬಲ್ಲವನು. ಸ್ಕ್ರೂ ಡ್ರೈವರಿನಿಂದ ಕೆರೆದು ನೋಡಿದಾಗ ಅಲ್ಲಿ ತಗಡೇ ಇರಲಿಲ್ಲ. ಇದ್ದದ್ದು ಪುಟ್ಟಿ, ಅದರ ಕೆಳಗೆ ಹಳೆಯ ವರ್ತಮಾನಪತ್ರಿಕೆಯ ಮುದ್ದೆ, ಅದರ ಕೆಳಗೆ ಡಾಂಬರು. ಕೆಲವು ವರ್ಷಗಳ ಹಿಂದೆ ಒಂದು ರಿಪೇರಿ ಅಂಗಡಿಯವರು ‘ಹೊಸ ತಗಡು ಹಾಕಿದ್ದೇವೆ’ ಎಂದು ಹೇಳಿ ಹಣ ಪಡೆದು ಮಾಡಿಕೊಟ್ಟಿದ್ದ ಕೆಲಸ ಅದು. ಮೇಲಿನ ಬಣ್ಣವೇನೋ ಕನ್ನಡಿಯಂತಿತ್ತು.

ನಮ್ಮ ಮೈಸೂರಿನ ಹವೆಯಲ್ಲಿ ಸಮುದ್ರದ ಉಪ್ಪಿಲ್ಲ. ಆದರೂ ಇಷ್ಟು ತುಕ್ಕು ಹೇಗೆ ಬಂತು ಎಂದರೆ, ನಿಂತ ನೀರಿನಿಂದ. ಕಾರಿನ ಬಾಗಿಲುಗಳಲ್ಲಿಯೂ ರನ್ನಿಂಗ್ ಬೋರ್ಡಿನ ಅಡಿಯಲ್ಲಿಯೂ ನೀರು ಹರಿದುಹೋಗುವುದಕ್ಕೆಂದು ಸಣ್ಣ ರಂಧ್ರಗಳಿರುತ್ತವೆ. ಮನೆಯ ಮುಂದಿನ ಹೊಂಗೆಯ ಮರದ ಎಲೆಯೂ ಧೂಳೂ ಸೇರಿ ಅವುಗಳನ್ನು ಮುಚ್ಚಿದ್ದುವು. ರಬ್ಬರ್ ಹಾಸಿನ ಕೆಳಗೆ ಇದ್ದ ನಾರಿನ ಚಾಪೆ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಗೆಯ ವರೆಗೂ ಬಿಟ್ಟಿರಲಿಲ್ಲ. ತುಕ್ಕು ಕಬ್ಬಿಣಕ್ಕಿಂತ ಉಬ್ಬಿಕೊಂಡು ಸಡಿಲವಾಗಿರುವ ವಸ್ತು. ತಾನೇ ನೀರನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಸಾಲವು ಬಡ್ಡಿಯನ್ನು ಹೆರುವಂತೆ ತುಕ್ಕು ತುಕ್ಕನ್ನೇ ಹೆರುತ್ತದೆ.

ಬೆಂಗಳೂರಿನಲ್ಲಿರುವ ನಮ್ಮ ತಮ್ಮನಿಗೆ ಸುದ್ದಿ ಮುಟ್ಟಿತು. ಅವನು ಆ ವಾರವೇ ಬಂದು, ಕುಕ್ಕರುಗಾಲಿನಲ್ಲಿ ಕುಳಿತು ತೂತಿನ ಮೂಲಕ ನೆಲವನ್ನು ನೋಡಿ, “ಅಣ್ಣಾ, ಇದನ್ನು ಗುಜರಿಗೆ ಹಾಕು. ಅಮ್ಮನ ಕಾಲ ಕೆಳಗೆ ರಸ್ತೆ ಕಾಣುತ್ತಿದೆ” ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗಿ ಶ್ರೀಕಂಠೇಶ್ವರನ ದರ್ಶನ ಮಾಡಿ ಬರುವುದು ಅವರಿಗೆ ಉಳಿದಿರುವ ಒಂದೇ ಹೊರಸಂಚಾರ. ಚಾಮರಾಜಪುರಂ ನಿಲ್ದಾಣದಿಂದಲೇ ರೈಲು ಉಂಟು; ಆದರೆ ಅದರ ಮೆಟ್ಟಿಲು ಅವರ ಮಂಡಿಗೆ ಒಗ್ಗದು. ಈಚಿನ ಕಾರುಗಳಲ್ಲಿ ಕೆಲವು ತೀರ ಎತ್ತರ, ಕೆಲವು ಬಾವಿಗೆ ಇಳಿದಂತೆ ತಗ್ಗು. ಪದ್ಮಿನಿಯ ಹಿಂದಿನ ಆಸನವಾದರೋ ನಮ್ಮ ಮನೆಯ ಜಗಲಿಯ ಎತ್ತರ. ಕುಳಿತು, ತಿರುಗಿ, ಕಾಲು ಒಳಗೆ ಎಳೆದುಕೊಂಡರೆ ಆಯಿತು. “ನಿಮ್ಮಪ್ಪ ಕೊಂಡ ದಿನ ಇದರಲ್ಲೇ ನಂಜನಗೂಡಿಗೆ ಹೋದೆ. ಇದು ಹೋದರೆ ನನ್ನ ಓಡಾಟವೂ ಮುಗಿಯಿತು ಅನ್ನಿ” ಎಂದರು ತಾಯಿಯವರು. “ಭಕ್ತಿ ಬೇರೆ, ಬ್ರೇಕು ಬೇರೆ, ಅಮ್ಮಾ” ಎಂದು ತಮ್ಮನು ಸಿಡಿದನು. ಆ ರಾತ್ರಿ ಅಣ್ಣತಮ್ಮಂದಿರಾದ ನಾವು ಊಟದಲ್ಲಿ ಹೆಚ್ಚು ಮಾತನಾಡಲಿಲ್ಲ.

ಮಗನು ಒಂದು ಮಾತು ಹೇಳಿದನು. “ಅಪ್ಪಾ, ಈ ಕಾರಿಗೆ ಲಾರಿಯ ಹಾಗೆ ಕೆಳಗೆ ಪ್ರತ್ಯೇಕವಾದ ಚೌಕಟ್ಟು ಇಲ್ಲ. ತಗಡಿನ ಮೈಯೇ ಇದರ ಎಲುಬು. ಕಾಲಿಡುವ ಜಾಗ ಹೋಗಿದ್ದರೆ ಬೆಸೆಯಬಹುದು. ಹಿಂದಿನ ಪಟ್ಟೆ ಸ್ಪ್ರಿಂಗನ್ನು ಹಿಡಿದುಕೊಂಡಿರುವ ಜಾಗಕ್ಕೂ ತುಕ್ಕು ಇಳಿದಿದ್ದರೆ ಚಿಕ್ಕಪ್ಪ ಹೇಳಿದ್ದೇ ಸರಿ. ಆಗ ಮನೆಯಲ್ಲಿ ಮುಟ್ಟುವುದು ಬೇಡ.” ಈ ಕರಾರು ನಮಗೆ ನ್ಯಾಯವಾಗಿ ತೋರಿತು. ಪರೀಕ್ಷೆಗೆ ನೆರೆಯ ಅಶೋಕಪುರಂನಿಂದ ಒಬ್ಬ ಹಿರಿಯರನ್ನು ಕರೆಸಿದೆವು. ಅವರು ಅಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಮೇಸ್ತ್ರಿಗಳು ಎನ್ನುತ್ತಾರೆ. ಅವರು ಸಣ್ಣ ಸುತ್ತಿಗೆಯೊಂದನ್ನು ಹಿಡಿದು ಗಾಡಿಯ ಅಡಿಯಲ್ಲಿ ಅರ್ಧ ಗಂಟೆ ಮಲಗಿ, ಗೇಣು ಗೇಣಿಗೂ ತಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತಿತ್ತು. ಕೊಳೆತದ್ದು ಹಪ್ಪಳದಂತೆ ಪೊಳ್ಳು ಸದ್ದು ಮಾಡುತ್ತಿತ್ತು. ಮಡಕೆ ಕೊಳ್ಳುವ ಗೃಹಿಣಿಯ ಪರೀಕ್ಷೆಯೂ ಇದೇ ಅಲ್ಲವೆ? ಕೊನೆಗೆ ಮೇಸ್ತ್ರಿಗಳು ಎದ್ದು ಬಂದು, “ಸ್ಪ್ರಿಂಗಿನ ಜಾಗ ಭದ್ರವಾಗಿದೆ, ಸ್ವಾಮಿ. ಎಡಗಡೆ ನೆಲ ಒಂದು ಮೊಳ, ರನ್ನಿಂಗ್ ಬೋರ್ಡಿನ ಅಂಚು ಒಂದು ಗೇಣು ಹೋಗಿದೆ. ಮಾಡಬಹುದು” ಎಂದರು. “ಆದರೆ ತಮ್ಮ ಮಗನವರು ಅವಸರ ಮಾಡಬಾರದು” ಎಂದು ಸೇರಿಸಿದರು.

ಬೆಸುಗೆಯಲ್ಲಿ ಹಲವು ಮಾರ್ಗಗಳಿವೆ. ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸುವುದು ಕಮ್ಮಾರನ ಪುರಾತನ ಮಾರ್ಗ. ಟಿಂಕರಿಂಗ್ ಅಂಗಡಿಗಳಲ್ಲಿ ಬಹುಕಾಲ ನಡೆದದ್ದು ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳ ಉರಿಯ ಗ್ಯಾಸ್ ವೆಲ್ಡಿಂಗ್. ನುರಿತವರ ಕೈಯಲ್ಲಿ ಅದು ಸೊಗಸಾದದ್ದೇ, ಆದರೆ ಅದರ ಶಾಖವು ಅಗಲವಾಗಿ ಹರಡಿ ತಗಡನ್ನು ಸುಲಭವಾಗಿ ಸೊಟ್ಟಮಾಡುತ್ತದೆ. ಗೇಟು ಕಿಟಕಿಗಳನ್ನು ಮಾಡುವವರ ಕಡ್ಡಿ ವೆಲ್ಡಿಂಗ್ ದಪ್ಪ ಕಬ್ಬಿಣಕ್ಕೆ ಯೋಗ್ಯ; ಕಾರಿನ ತಗಡನ್ನು ಅದು ಕ್ಷಣದಲ್ಲಿ ಕೊರೆದುಹಾಕುತ್ತದೆ. ಮಗನು ಆರಿಸಿಕೊಂಡದ್ದು ಮಿಗ್ ಎಂಬ ಮಾರ್ಗ. ಇದರಲ್ಲಿ ಕೈಯಲ್ಲಿ ಹಿಡಿಯುವ ಕೊಳವೆಯ ತುದಿಯಿಂದ ದಾರದಂತಹ ತಂತಿಯು ತಾನಾಗಿ ಹೊರಬರುತ್ತಿರುತ್ತದೆ. ತಗಡಿಗೆ ತಾಗಿದೊಡನೆ ವಿದ್ಯುತ್ತಿನ ಕಿಡಿ ಹೊತ್ತಿ ತಂತಿಯೂ ತಗಡಿನ ಅಂಚೂ ಒಟ್ಟಿಗೆ ಕರಗಿ ಒಂದಾಗುತ್ತವೆ. ಅದೇ ಕೊಳವೆಯಿಂದ ಒಂದು ಅನಿಲವೂ ಸುರಿದು, ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಕೊಡೆ ಹಿಡಿಯುತ್ತದೆ. ಅಮೆರಿಕದ ಬ್ಯಾಟೆಲ್ ಸಂಶೋಧನಾಲಯದಲ್ಲಿ 1948ರಲ್ಲಿ ರೂಪುಗೊಂಡ ಈ ಪದ್ಧತಿಯನ್ನು ಮೊದಲು ಅಲ್ಯೂಮಿನಿಯಮಿನಂತಹ ಲೋಹಗಳಿಗೆ ಬಳಸುತ್ತಿದ್ದರು. 1950ರ ದಶಕದಲ್ಲಿ ಇಂಗಾಲದ ಡೈ ಆಕ್ಸೈಡನ್ನು ಬಳಸಲು ತೊಡಗಿದ ಮೇಲೆ ಉಕ್ಕಿನ ಕೆಲಸಕ್ಕೂ ಅಗ್ಗವಾಗಿ ಒದಗಿತು.

ಮಗನು ತಂದ ಸಿಲಿಂಡರಿನಲ್ಲಿ ಹೆಚ್ಚಿನ ಪಾಲು ಆರ್ಗಾನ್, ಉಳಿದದ್ದು ಇಂಗಾಲದ ಡೈ ಆಕ್ಸೈಡ್. ಆರ್ಗಾನ್ ಎಂಬ ಹೆಸರಿನಲ್ಲಿ ನಮ್ಮಂತಹವರಿಗೆ ಒಂದು ವಿನೋದವುಂಟು. ರ್‍ಯಾಲಿ ಮತ್ತು ರ್‍ಯಾಮ್ಸೆ ಎಂಬ ವಿದ್ವಾಂಸರು 1894ರಲ್ಲಿ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಕಡಮೆಯಾಗಿ ಅಡಗಿದ್ದ ಈ ಅನಿಲವನ್ನು ಬೇರ್ಪಡಿಸಿದಾಗ, ಅದು ಯಾವ ವಸ್ತುವಿನೊಡನೆಯೂ ಕೂಡಲೊಲ್ಲದೆ ಸುಮ್ಮನೆ ಇತ್ತು. ಗ್ರೀಕ್ ಭಾಷೆಯಲ್ಲಿ ‘ಎರ್ಗೊನ್’ ಎಂದರೆ ಕೆಲಸ. ಅದರ ಹಿಂದೆ ನಿಷೇಧಾರ್ಥದ ಅಕಾರ ಸೇರಿದರೆ ‘ಆರ್ಗೊಸ್’, ಎಂದರೆ ಕೆಲಸವಿಲ್ಲದವನು, ಸೋಮಾರಿ. ನಮ್ಮ ನಞ್ ಸಮಾಸದ ಅಕಾರವೂ ಗ್ರೀಕರ ಈ ಅಕಾರವೂ ಒಂದೇ ಕುಲದವು. ತಾನು ಯಾರೊಡನೆಯೂ ಕೂಡದೆ ಇರುವುದರಿಂದಲೇ ಈ ಸೋಮಾರಿಯು ಉಳಿದ ಇಬ್ಬರನ್ನು ನಿರ್ವಿಘ್ನವಾಗಿ ಕೂಡಲು ಬಿಡುತ್ತಾನೆ. ಮದುವೆಮನೆಗಳಲ್ಲಿ ಇಂತಹ ಬಂಧುಗಳು ಇನ್ನೂ ಹೆಚ್ಚಾಗಿದ್ದರೆ ಒಳ್ಳೆಯದಾಗುತ್ತಿತ್ತು.

ಇನ್ನು, ತೆಳು ತಗಡನ್ನು ಬೆಸೆಯುವುದು ದಪ್ಪ ಕಬ್ಬಿಣಕ್ಕಿಂತ ಕಷ್ಟವೇಕೆ? ದಪ್ಪ ಕಬ್ಬಿಣದಲ್ಲಿ ಶಾಖಕ್ಕೆ ಓಡಿಹೋಗಲು ಎಡೆಯುಂಟು. ಕಾರಿನ ತಗಡು ಹೆಚ್ಚು ಕಡಮೆ ಒಂದು ಮಿಲಿಮೀಟರಿನದು. ಉಕ್ಕು ಕರಗುವ ಶಾಖವೋ ಸುಮಾರು 1,500 ಡಿಗ್ರಿ. ಕಿಡಿಯನ್ನು ಒಂದು ಕ್ಷಣ ಹೆಚ್ಚಾಗಿ ನಿಲ್ಲಿಸಿದರೆ ತಗಡು ತೂತಾಗುತ್ತದೆ. ತೂತಾಗದಿದ್ದರೂ ಮತ್ತೊಂದು ಆಪತ್ತುಂಟು. ಒಂದು ಮೀಟರ್ ಉದ್ದದ ಉಕ್ಕು ನೂರು ಡಿಗ್ರಿ ಬಿಸಿಯಾದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ಹಿಗ್ಗುತ್ತದೆ. ಬೆಸುಗೆಯ ಜಾಗ ಹಿಗ್ಗಲು ಹೊರಟಾಗ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಬಿಸಿಯಾದ ಲೋಹ ತನ್ನಲ್ಲಿಯೇ ಅದುಮಿಕೊಂಡು ದಪ್ಪನಾಗುತ್ತದೆ. ತಣಿಯುವಾಗ ಅದು ಮೊದಲಿಗಿಂತ ಹೆಚ್ಚು ಕುಗ್ಗಿ ಸುತ್ತಲನ್ನೆಲ್ಲ ತನ್ನ ಕಡೆಗೆ ಸೆಳೆಯುತ್ತದೆ. ಆಗ ಸಮನಾಗಿದ್ದ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದುದರಿಂದ ಇಲ್ಲಿ ಗೆರೆ ಎಳೆದಂತೆ ಒಂದೇ ಸಮನೆ ಬೆಸೆಯುವುದು ಸಲ್ಲದು. ಒಂದು ಚುಕ್ಕೆ ಇಡಬೇಕು. ಅಲ್ಲಿಂದ ದೂರಕ್ಕೆ ಹೋಗಿ ಮತ್ತೊಂದು ಇಡಬೇಕು. ಮೊದಲನೆಯದು ಕೈಯಿಂದ ಮುಟ್ಟುವಷ್ಟು ತಣಿದ ಬಳಿಕವೇ ಅದರ ಪಕ್ಕಕ್ಕೆ ಬರಬೇಕು. ನೀರು ಸುರಿದು ಆರಿಸುವುದೂ ಕೂಡದು, ತಾನಾಗಿ ತಣಿಯಬೇಕು. ಇದನ್ನು ಕೇಳಿ ನಮ್ಮ ಗೃಹಿಣಿಯು, “ಇದು ಚುಕ್ಕೆ ರಂಗೋಲಿಯೇ ತಾನೆ? ಮೊದಲು ಚುಕ್ಕೆ, ಆಮೇಲೆ ಎಳೆ” ಎಂದಳು. ಮೇಸ್ತ್ರಿಗಳು ಅರ್ಧ ಗಂಟೆ ವಿವರಿಸಿದ್ದು ಒಂದು ಮಾತಿನಲ್ಲಿ ಮುಗಿಯಿತು.

ಕೆಲಸಕ್ಕೆ ಮುಂಚೆ ಮಾಡಿಕೊಂಡ ಎಚ್ಚರಿಕೆಗಳನ್ನು ವಿವರವಾಗಿ ಹೇಳುವುದು ಅವಶ್ಯಕ. ಏಕೆಂದರೆ ಇದು ಮನೆಯಲ್ಲಿ ಮಾಡತಕ್ಕ ಕೆಲಸಗಳಲ್ಲಿ ಅಪಾಯದ ಕೆಲಸ. ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಿದರು. ಪೆಟ್ರೋಲ್ ಟ್ಯಾಂಕನ್ನು ಕಳಚಿ ಹಿತ್ತಿಲಿನ ಇನ್ನೊಂದು ಕೊನೆಗೆ ಸಾಗಿಸಿದರು. ಆಸನ, ಹಾಸು, ಆ ಕಡೆಯ ವಿದ್ಯುತ್ ತಂತಿ, ಬ್ರೇಕಿನ ಕೊಳವೆ ಎಲ್ಲವನ್ನೂ ತೆಗೆದರು. ಅಡಿಯಲ್ಲಿ ಬಳಿದಿದ್ದ ಡಾಂಬರನ್ನು ಗೇಣಗಲ ಕೆರೆದರು; ಅದು ಹೊತ್ತಿಕೊಂಡರೆ ಆರಿಸುವುದು ಕಷ್ಟ. ಎರಡು ಬಕೆಟ್ ಮರಳೂ ಬೆಂಕಿ ಆರಿಸುವ ಉಪಕರಣವೂ ಪಕ್ಕದಲ್ಲಿದ್ದುವು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಸರಪಣಿಯಿಂದ ಕಟ್ಟಿದರು. ತುಂಬಿದ ಸಿಲಿಂಡರಿನೊಳಗೆ ಹೊರಗಿನ ಗಾಳಿಯ ಸುಮಾರು 150 ಪಟ್ಟು ಒತ್ತಡವಿರುತ್ತದೆಯಾಗಿ ಅದು ಬಿದ್ದು ಮೂತಿ ಮುರಿದರೆ ಫಿರಂಗಿಯಂತಾಗುತ್ತದೆ. ಆರ್ಗಾನ್ ಗಾಳಿಗಿಂತ ಭಾರವಾದದ್ದು; ಗುಂಡಿಯಲ್ಲಿ ಇಳಿದು ಕೆಲಸಮಾಡುವವನ ಸುತ್ತ ತುಂಬಿ ಉಸಿರು ಕಟ್ಟಿಸಬಲ್ಲದು. ಆದುದರಿಂದ ಗಾಡಿಯ ಒಂದು ಮಗ್ಗುಲನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದರೇ ಹೊರತು ಗುಂಡಿ ತೋಡಲಿಲ್ಲ. ತೆರೆದ ಬಯಲಿನ ಗಾಳಿಯು ಅನಿಲದ ಕೊಡೆಯನ್ನು ಹಾರಿಸಿಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಹೊಗೆ ನಿಲ್ಲುತ್ತದೆ. ಒಂದು ಕಡೆ ತಗಡಿನ ತಡಿಕೆ ಕಟ್ಟಿ, ಮಿಕ್ಕ ಕಡೆ ತೆರೆದ ಷೆಡ್ಡು ಎರಡಕ್ಕೂ ಒದಗಿತು.

ಕಿಡಿಯ ಬೆಳಕಿನಲ್ಲಿ ನೇರಳಾತೀತ ಕಿರಣಗಳಿವೆ. ಬರಿಗಣ್ಣಿನಿಂದ ನೋಡಿದವರಿಗೆ ಆಗ ಏನೂ ಆಗದು. ರಾತ್ರಿ ಕಣ್ಣಿನಲ್ಲಿ ಮರಳು ತುಂಬಿದಂತಹ ನೋವು ಬರುತ್ತದೆ. ಹತ್ತು ಹನ್ನೊಂದನೆಯ ಅಂಕದ ಕಪ್ಪು ಗಾಜಿನ ಮುಖವಾಡ, ಚರ್ಮದ ಕೈಗವಸು, ದಪ್ಪ ಹತ್ತಿಯ ಬಟ್ಟೆ, ಷೂ ಇವಿಲ್ಲದೆ ಹತ್ತಿರ ಸುಳಿಯಕೂಡದು. ನೈಲಾನ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನಾವು ಪಂಚೆಯುಟ್ಟು ಬಂದುದನ್ನು ಕಂಡು ಮೇಸ್ತ್ರಿಗಳು, “ಸ್ವಾಮಿ, ತಾವು ತಡಿಕೆಯ ಆಚೆ” ಎಂದರು. ಮಾರನೆಯ ದಿನ ಮಗನ ಹಳೆಯ ಕಾಕಿ ಪ್ಯಾಂಟು ಹಾಕಿಕೊಂಡು ಬಂದ ಮೇಲೆಯೇ ನಮಗೆ ಪ್ರವೇಶ ಸಿಕ್ಕಿತು. ಮತ್ತೊಂದು ಮಾತು: ಜಿಡ್ಡು ತೆಗೆಯಲೆಂದು ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರ್ ದ್ರವಗಳನ್ನು ಬೆಸುಗೆಯ ಜಾಗಕ್ಕೆ ಎಂದಿಗೂ ಹಾಕಬಾರದು, ಕಿಡಿಯ ಶಾಖದಲ್ಲಿ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಸತುವಿನ ಲೇಪವಿರುವ ಜಿ.ಐ. ತಗಡಿನ ಹೊಗೆಯೂ ಜ್ವರ ಬರಿಸುವಂತಹದು. ಆದುದರಿಂದ ತೇಪೆಗೆ ಲೇಪವಿಲ್ಲದ ಸಿ.ಆರ್. ತಗಡನ್ನು, 20 ಗೇಜಿನದನ್ನು, ತಂದರು.

ಮೇಸ್ತ್ರಿಗಳು ಮಗನನ್ನು ನೇರವಾಗಿ ಕಾರಿನ ಮೇಲೆ ಕೈಯಿಡಗೊಡಲಿಲ್ಲ. ಒಂದು ವಾರ ಚೂರು ತಗಡುಗಳ ಮೇಲೆ ಅಭ್ಯಾಸ. ತಂತಿ 0.6 ಮಿಲಿಮೀಟರಿನದು; ವಿದ್ಯುತ್ತು ಐವತ್ತು ಆಂಪಿಯರಿನ ಆಸುಪಾಸು; ಅನಿಲ ನಿಮಿಷಕ್ಕೆ ಹತ್ತು ಲೀಟರ್. ಮೊದಲ ದಿನ ತಗಡೆಲ್ಲ ಜರಡಿಯಾಯಿತು. ಎರಡನೆಯ ದಿನ ಹೆದರಿ ಶಾಖ ತಗ್ಗಿಸಿದುದರಿಂದ ಬೆಸುಗೆಯು ಹುಣಿಸೆ ಬೀಜ ಅಂಟಿಸಿದಂತೆ ಮೇಲೆಯೇ ಕುಳಿತಿತು. ನೋಡಲು ಚೆನ್ನಾಗಿತ್ತು, ಬಾಗಿಸಿದರೆ ಕಳಚಿ ಬಿತ್ತು. “ಅಂಟುವುದು ಬೇರೆ, ಬೆಸೆಯುವುದು ಬೇರೆ” ಎಂದರು ಮೇಸ್ತ್ರಿಗಳು. ಹಿಂಬದಿಯಲ್ಲಿಯೂ ಕರಗಿದ ಗುರುತು ಕಾಣಬೇಕು. ಸರಿಯಾದ ಹದವನ್ನು ಕಿವಿಯಿಂದ ತಿಳಿಯಬೇಕಂತೆ: ತಂತಿಯ ವೇಗವೂ ವಿದ್ಯುತ್ತೂ ಹೊಂದಿದಾಗ ಒಗ್ಗರಣೆ ಸಿಡಿದಂತೆ ಒಂದೇ ಸಮನಾದ ಚಟಚಟ ಶಬ್ದ ಬರುತ್ತದೆ, ಹೊಂದದಿದ್ದರೆ ಪಟ್ ಪಟ್ ಎಂದು ತಡವರಿಸುತ್ತದೆ. ಮೂರನೆಯ ದಿನ ಒಳಗೆ ಜಪಮಾಡುತ್ತಿದ್ದ ನಮ್ಮ ತಾಯಿಯವರು, “ಯಾರೇ ಅದು, ಒಗ್ಗರಣೆ ಸೀದುಹೋಗುತ್ತೆ, ನೋಡೇ” ಎಂದು ಸೊಸೆಯನ್ನು ಕೂಗಿದರು. ಮೇಸ್ತ್ರಿಗಳು ನಕ್ಕು, “ಇನ್ನು ಹದ ಬಂತು” ಎಂದರು.

ಅನಂತರ ನಿಜವಾದ ಕೆಲಸ. ಕೊಳೆತದ್ದನ್ನು ಗಟ್ಟಿ ತಗಡು ಸಿಕ್ಕುವ ವರೆಗೆ ಕತ್ತರಿಸಿ ತೆಗೆದರು. ಇಲ್ಲಿ ದಯೆ ತೋರಿಸಬಾರದು. ತುಕ್ಕಿಗೆ ಬೆಸುಗೆ ಹತ್ತುವುದಿಲ್ಲ. ಅಂಚುಗಳನ್ನು ಎರಡು ಮಗ್ಗುಲಲ್ಲಿಯೂ ಬೆಳ್ಳಿಯಂತೆ ಹೊಳೆಯುವ ಹಾಗೆ ಉಜ್ಜಿದರು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಅಂಟಿಸಿ ಅಚ್ಚು ಮಾಡಿ, ಅದರಂತೆ ತಗಡನ್ನು ಕತ್ತರಿಸಿ ಬಾಗಿಸಿದರು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿದರು. ಚೂಪಾದ ಮೂಲೆಯಲ್ಲಿ ಸೀಳು ಹುಟ್ಟುತ್ತದೆಯಂತೆ. ತೇಪೆಯು ತೂತಿನಲ್ಲಿ ತಂತಿಯ ದಪ್ಪದಷ್ಟೇ ಸಂದು ಬಿಟ್ಟು ಕೂಡಬೇಕು. ಇದೊಂದಕ್ಕೇ ಒಂದು ದಿನ ಹಿಡಿಯಿತು. ಅಕ್ಷರಗಳ ಅತಿಶಯವಾದ ಸಾಮೀಪ್ಯವನ್ನೇ ಪಾಣಿನಿಯು ಸಂಹಿತೆ ಎಂದು ಕರೆದದ್ದನ್ನೂ, ಆ ಸಾಮೀಪ್ಯವಿದ್ದಲ್ಲಿ ಮಾತ್ರ ಸಂಧಿಕಾರ್ಯ ನಡೆಯುವುದನ್ನೂ ನಾವು ಎಷ್ಟೋ ಸಲ ಪಾಠ ಹೇಳಿದ್ದೆವು. ಅಗಲವಾದ ಸಂದನ್ನು ಬರಿಯ ಬೆಸುಗೆಯಿಂದ ತುಂಬಹೊರಟರೆ ತಗಡು ಕರಗಿ ಸಂದು ಇನ್ನೂ ಅಗಲವಾಗುವುದನ್ನು ಅಭ್ಯಾಸದ ಚೂರುಗಳಲ್ಲಿ ಕಂಡಾಗ ಆ ಸೂತ್ರಕ್ಕೆ ಹೊಸದೊಂದು ಉದಾಹರಣೆ ಸಿಕ್ಕಂತಾಯಿತು.

ಅಂಗುಲಕ್ಕೊಂದರಂತೆ ಚುಕ್ಕೆಗಳು ಬಿದ್ದುವು. ಆಮೇಲೆ ನಡುವೆ ನಡುವೆ. ಹಿಂಬದಿಗೆ ದಪ್ಪ ತಾಮ್ರದ ತುಂಡೊಂದನ್ನು ಒತ್ತಿ ಹಿಡಿಯುವುದು ನಮ್ಮ ಪಾಲಿಗೆ ಬಂದ ಕೆಲಸ. ತಾಮ್ರವು ಶಾಖವನ್ನು ಹೀರಿಕೊಳ್ಳುತ್ತದೆ, ಬೆಸುಗೆಗೆ ಅಂಟುವುದಿಲ್ಲ. ತೇಪೆಯ ಸುತ್ತಳತೆ ಸುಮಾರು ಒಂದು ಮೀಟರ್. ಅದಕ್ಕೆ ಮುನ್ನೂರಕ್ಕೆ ಮೇಲ್ಪಟ್ಟ ಚುಕ್ಕೆಗಳು. ಎರಡು ಪೂರ್ತಿ ದಿನ. ರನ್ನಿಂಗ್ ಬೋರ್ಡಿನ ಅಂಚಿನಲ್ಲಿ ಒಂದರ ಮೇಲೊಂದು ಕೂಡುವ ತಗಡುಗಳಿಗೆ, ಮೇಲಿನದರಲ್ಲಿ ಎಂಟು ಮಿಲಿಮೀಟರಿನ ತೂತುಗಳನ್ನು ಕೊರೆದು ಆ ತೂತುಗಳನ್ನು ಬೆಸುಗೆಯಿಂದ ತುಂಬಿದರು. ಕಾರ್ಖಾನೆಯವರ ಒತ್ತು ಬೆಸುಗೆಗೆ ಇದು ಪ್ರತಿನಿಧಿ. ಪ್ರತಿದಿನವೂ ಕೆಲಸ ನಿಂತ ಮೇಲೆ ಅರ್ಧ ಗಂಟೆ ಯಾರಾದರೊಬ್ಬರು ಅಲ್ಲಿಯೇ ಕುಳಿತು ಹೊಗೆ ಏಳುವುದೋ ಎಂದು ಕಾಯುತ್ತಿದ್ದೆವು.

ಎಲ್ಲ ಮುಗಿಯುವ ಹೊತ್ತಿಗೆ ತಮ್ಮನು ಬಂದನು. ಹೊಳಪನ್ನು ನಂಬದ ಮನುಷ್ಯ. ಹಿಂದಿನ ಪುಟ್ಟಿಯ ಕಥೆ ಅವನ ಮನಸ್ಸಿನಲ್ಲಿತ್ತು. ಅದಕ್ಕಾಗಿಯೇ ಮಗನು ಬಣ್ಣ ಬಳಿಯದೆ ಹಾಗೆಯೇ ಬಿಟ್ಟಿದ್ದನು. ಕಾರಿಗೆ ಬಳಸಿದ ತಗಡನ್ನೇ, ಅದೇ ಹದದಲ್ಲಿ, ಅದೇ ದಿನ ಬೆಸೆದ ಒಂದು ತುಂಡನ್ನೂ ತೆಗೆದಿಟ್ಟಿದ್ದನು. ಅದನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಸುತ್ತಿಗೆಯನ್ನು ಚಿಕ್ಕಪ್ಪನ ಕೈಗೆ ಕೊಟ್ಟನು. ತಮ್ಮನು ಮಾತಾಡದೆ ಹೊಡೆದನು, ಬಾಗಿಸಿದನು, ಮತ್ತೆ ಹಿಂದಕ್ಕೆ ಬಾಗಿಸಿದನು. ಕೊನೆಗೆ ತಗಡು ಹರಿಯಿತು. ಆದರೆ ಹರಿದದ್ದು ಬೆಸುಗೆಯಲ್ಲಲ್ಲ, ಅದರ ಪಕ್ಕದ ತಗಡು. ಅವನು ಆ ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಗಾಡಿಯ ಅಡಿಗೆ ಹೋಗಿ ಟಾರ್ಚು ಹಾಕಿ ಚುಕ್ಕೆ ಚುಕ್ಕೆಯನ್ನೂ ನೋಡಿ ಬಂದು, “ಅಣ್ಣಾ, ನಂಜನಗೂಡಿಗೆ ಹೋಗುವ ದಿನ ಹೇಳಿ ಕಳಿಸು, ನಾನೂ ಬರುತ್ತೇನೆ” ಎಂದನು.

ಬೆಸುಗೆಯನ್ನು ಮಟ್ಟಸವಾಗಿ ಉಜ್ಜಿ, ಸತು ಬೆರೆತ ಪ್ರೈಮರ್ ಹಚ್ಚಿ, ಕೀಲುಗಳಿಗೆ ಸೀಲಂಟ್ ತುಂಬಿ, ರನ್ನಿಂಗ್ ಬೋರ್ಡಿನ ಪೊಳ್ಳಿನೊಳಕ್ಕೆ ಮೇಣದಂತಹ ದ್ರವವನ್ನು ಸಿಂಪಡಿಸಿ, ಮೇಲೆ ಬಣ್ಣ ಬಳಿದದ್ದಾಯಿತು. ಬೆಸುಗೆಯ ಹಿಂಬದಿಯು ಬರಿಯ ಕಬ್ಬಿಣವಾಗಿರುವುದರಿಂದ ಮೊದಲು ತುಕ್ಕು ಹಿಡಿಯುವುದು ಅದಕ್ಕೇ. ಈ ಕೊನೆಯ ಕೆಲಸವನ್ನು ಬಿಟ್ಟರೆ ಮೊದಲಿನದೆಲ್ಲ ವ್ಯರ್ಥ. ನೀರಿನ ರಂಧ್ರಗಳನ್ನು ಬಿಡಿಸಿ, ನಾರಿನ ಚಾಪೆಯನ್ನು ತೆಗೆದುಹಾಕಿದೆವು. ಬ್ರೇಕಿನ ಕೊಳವೆಗಳನ್ನು ಮಾತ್ರ ನುರಿತ ಮೆಕ್ಯಾನಿಕ್ಕಿನಿಂದಲೇ ಮತ್ತೆ ಜೋಡಿಸಿ ಪರೀಕ್ಷೆ ಮಾಡಿಸಿದೆವು. ಸಾರಿಗೆ ಕಚೇರಿಯವರು ಗಾಡಿಯನ್ನು ನೋಡಿ ಇನ್ನೈದು ವರ್ಷಕ್ಕೆ ಒಪ್ಪಿಗೆ ಕೊಟ್ಟರು. ಕಾಗದವನ್ನು ತೋರಿಸಿದಾಗ ತಾಯಿಯವರು, “ಐದು ವರ್ಷ ಅದಕ್ಕೋ, ನನಗೋ?” ಎಂದು ಕೇಳಿದರು. ಮುಂದಿನ ಸೋಮವಾರ ನಾವೆಲ್ಲರೂ ನಂಜನಗೂಡಿಗೆ ಹೋದೆವು. ತಮ್ಮನು ತಾಯಿಯವರ ಪಕ್ಕದಲ್ಲಿ, ಹೊಸ ತಗಡಿನ ಮೇಲೆ ಕಾಲಿಟ್ಟುಕೊಂಡು ಕುಳಿತಿದ್ದನು.

ಇಷ್ಟನ್ನು ಓದಿ ಗೃಹಸ್ಥರೆಲ್ಲರೂ ಬೆಸುಗೆಯ ಯಂತ್ರ ಕೊಳ್ಳಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬಲ್ಲವರ ಕಣ್ಣೆದುರಿಗಲ್ಲದೆ ಇದನ್ನು ಆರಂಭಿಸಬಾರದು. ಗಾಡಿಯ ಭಾರ ಹೊರುವ ಜಾಗಗಳನ್ನು ಮನೆಯಲ್ಲಿ ಮುಟ್ಟಬಾರದು. ಆದರೆ ಎರಡು ಕೆಲಸಗಳನ್ನು ಎಲ್ಲರೂ ಮಾಡಬಹುದು. ಮಳೆಗಾಲಕ್ಕೆ ಮುಂಚೆ ಕಾರಿನ ಹಾಸನ್ನು ಎತ್ತಿ ನೋಡಿ, ನೀರಿನ ರಂಧ್ರಗಳನ್ನು ಒಂದು ಕಡ್ಡಿಯಿಂದ ಬಿಡಿಸುವುದು ಒಂದು. ರಿಪೇರಿಗೆ ಕೊಟ್ಟಾಗ, “ಬಣ್ಣ ಬಳಿಯುವ ಮುಂಚೆ ಒಮ್ಮೆ ಕರೆಯಿರಿ, ನೋಡುತ್ತೇವೆ” ಎಂದು ಹೇಳುವುದು ಇನ್ನೊಂದು. ಒಳ್ಳೆಯ ಕೆಲಸಗಾರನಿಗೆ ಈ ಮಾತಿನಿಂದ ಸಂತೋಷವಾಗುತ್ತದೆ. ಆಗದವನ ಅಂಗಡಿಯಿಂದ ಗಾಡಿಯನ್ನು ಹಿಂದಕ್ಕೆ ತರುವುದೇ ಲೇಸು.